ಗಾನಯೋಗಿ ಪಂಚಾಕ್ಷರ ಗವಾಯಿಗಳು: ಅಂಧ ಬಾಲಕರ ಹಕ್ಕಿಗೆ ದೊರೆತ ಆಸರೆ

ಕೃಷ್ಣಾ ತುಂಗಭದ್ರೆಗಳ ನಡುವೆ ಹಬ್ಬಿರುವ ಎಡೆದೊರೆ ನಾಡು ಹಾಡಿನ ನಾಡು. ಮಾನವಿಯಲ್ಲಿ ಜಗನ್ನಾಥದಾಸರು, ಚೀಕಲಪರ್ವಿಯಲ್ಲಿ ವಿಜಯದಾಸರು ಹರಿಕೀರ್ತನೆಯ ಹೊನಲನ್ನೇ ಹರಿಸಿದರು. ದೇವದುರ್ಗದ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ ದಮ್ಮಡಿಗಳ ನಾದಕ್ಕೆ ತತ್ವಪದಗಳು ಬೆಳಗಿನವರೆಗೂ ಸಾಗುತ್ತಿದ್ದವು. ಅಕ್ಷರ ಬಾರದವನೂ ಇಲ್ಲಿ ಅನುಭಾವದ ಹತ್ತು ಪದಗಳನ್ನು ಬಲ್ಲವನಾಗಿರುತ್ತಿದ್ದನು. ಆದರೆ ಹಾಡನ್ನು ಇಷ್ಟೊಂದು ಪ್ರೀತಿಸಿದ ನಾಡಿನಲ್ಲಿಯೂ ಕಣ್ಣಿಲ್ಲದೆ ಹುಟ್ಟಿದ ಮಗುವಿಗೆ ಹಾಡು ಒದಗುತ್ತಿದ್ದುದು ಒಂದೇ ಕಾರಣಕ್ಕೆ. ಗುಡಿಯ ಮೆಟ್ಟಿಲ ಬಳಿ, ಜಾತ್ರೆಯ ದಾರಿಯ ಬದಿಯಲ್ಲಿ, ಸಂತೆಯ ಮೂಲೆಯಲ್ಲಿ ಕುಳಿತು ಹಾಡಿ, ಮುಂದೆ ಹಾಸಿದ ಬಟ್ಟೆಗೆ ಬಿದ್ದಷ್ಟು ಕಾಳನ್ನು ಕಟ್ಟಿಕೊಂಡು ಮನೆಗೆ ಹೋಗುವುದಕ್ಕೆ. ನೀಡುವವರು ಪುಣ್ಯವೆಂದು ನೀಡುತ್ತಿದ್ದರು. ಪಡೆಯುವ ಮಗು ಮರುದಿನ ಅದೇ ಜಾಗದಲ್ಲಿ ಅದೇ ಬಟ್ಟೆಯನ್ನು ಹಾಸುತ್ತಿತ್ತು.

ಈ ಸ್ಥಿತಿ ಎಡೆದೊರೆ ನಾಡಿನದು ಮಾತ್ರವಾಗಿರಲಿಲ್ಲ. ಕನ್ನಡ ನಾಡಿನ ಎಲ್ಲೆಡೆಯೂ ಹೀಗೆಯೇ ಇತ್ತು. ಈ ಬಟ್ಟೆಯನ್ನು ಮಡಚಿಸಿ, ಅಂತಹ ಮಗುವಿನ ಕೈಗೆ ತಂಬೂರಿಯನ್ನು ಕೊಟ್ಟು, ಅದೇ ಹಾಡನ್ನು ವಿದ್ಯೆಯನ್ನಾಗಿ, ವಿದ್ಯೆಯನ್ನು ಕಾಯಕವನ್ನಾಗಿ ಮಾಡಿದ ಮಹಾನುಭಾವರು ಪಂಚಾಕ್ಷರ ಗವಾಯಿಗಳು. ಅವರು ಹುಟ್ಟಿದುದು ಹಾನಗಲ್ಲ ತಾಲೂಕಿನಲ್ಲಿ, ನೆಲೆಸಿದುದು ಗದಗಿನಲ್ಲಿ. ಆದರೂ ರಾಯಚೂರಿನವರಿಗೆ ಅವರು ಹೊರಗಿನವರಲ್ಲ. ವಚನ ಗಾಯನದಿಂದ ನಾಡಿನ ಮನೆಮಾತಾದ, ಈ ಜಿಲ್ಲೆಯ ಮಣ್ಣಿನ ಮಗ ಸಿದ್ಧರಾಮ ಜಂಬಲದಿನ್ನಿಯವರು ಗವಾಯಿಗಳ ಶಿಷ್ಯಪರಂಪರೆಗೆ ಸೇರಿದವರು. ರಾಯಚೂರು ನಗರದ ರಂಗಮಂದಿರವು ಇಂದು ಜಂಬಲದಿನ್ನಿಯವರ ಹೆಸರನ್ನು ಹೊತ್ತು ನಿಂತಿದೆ. ಆ ಹೆಸರಿನ ಹಿಂದೆ ಇರುವ ಗುರುವಿನ ಬಾಳನ್ನು ಅರಿಯುವುದು, ಮಠದ ನೆರಳಿನಲ್ಲಿ ವಿದ್ಯೆ ಪಡೆದವರಿಗೂ ವಿದ್ಯೆಗೆ ದಾನ ನೀಡಿದವರಿಗೂ ಸಲ್ಲುವ ಕರ್ತವ್ಯವಾಗಿದೆ.

ಜನನ ಮತ್ತು ಬಾಲ್ಯ

ಗವಾಯಿಗಳು 1892ರ ಫೆಬ್ರುವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು; 1997ರಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಬಡ ಜಂಗಮ ಮನೆತನ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನೂ ಅಂಧ, ತಮ್ಮ ಗದಿಗೆಯ್ಯನೂ ಅಂಧ. ಒಂದೇ ಮನೆಯಲ್ಲಿ ಎರಡು ಮಕ್ಕಳು ಬೆಳಕು ಕಾಣದವರಾದರೆ ಆ ತಾಯಿತಂದೆಯರ ಮನಸ್ಸಿನಲ್ಲಿ ಏನು ನಡೆದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೊಲದ ಕೆಲಸಕ್ಕೆ ಈ ಮಕ್ಕಳು ಆಗುವುದಿಲ್ಲ. ಊರ ಶಾಲೆಯಲ್ಲಿ ಅವರಿಗೆ ಜಾಗವಿಲ್ಲ. ತಾವು ಕಣ್ಮರೆಯಾದ ಮೇಲೆ ಇವರ ಕೈ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ ಆ ಕಾಲದ ಸಮಾಜದಲ್ಲಿ ಉತ್ತರವಿರಲಿಲ್ಲ.

ಆ ಕಾಲದ ಪರಿಸ್ಥಿತಿಯನ್ನು ನೆನೆಯದೆ ಈ ಬಾಳಿನ ಬೆಲೆ ತಿಳಿಯದು. ಸಿಡುಬು ಬಂದು ಹೋದರೆ ಬದುಕಿದ ಮಕ್ಕಳಲ್ಲಿ ಕೆಲವರ ಕಣ್ಣನ್ನು ಕೊಂಡೊಯ್ಯುತ್ತಿತ್ತು. ಬರಗಾಲದಲ್ಲಿ ಹಾಲು, ಸೊಪ್ಪು ಇಲ್ಲದೆ ಬೆಳೆದ ಕೂಸುಗಳ ಕಣ್ಣು ಒಣಗಿ ಹೋಗುತ್ತಿದ್ದವು. ಗದಿಗೆಯ್ಯನ ಬಾಲ್ಯದಲ್ಲಿಯೇ ಎರಡು ದೊಡ್ಡ ಬರಗಳು ಬಿದ್ದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಧಾರವಾಡದ ಸೀಮೆಗೂ ಹಬ್ಬಿತು. ಅನಾಥ ಮಕ್ಕಳ ಸಂಖ್ಯೆ ಊರೂರಿಗೆ ಏರಿತು. ಅಂಧರಿಗಾಗಿಯೇ ಶಾಲೆಯೆಂಬುದು ಭಾರತದಲ್ಲಿ ಮೊದಲಿಗೆ ಆರಂಭವಾದುದು 1887ರಲ್ಲಿ ಅಮೃತಸರದಲ್ಲಿ. ಕನ್ನಡ ನಾಡಿನಲ್ಲಿ 1901ರಲ್ಲಿ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಅಂಧರ ಮತ್ತು ಮೂಕರ ಶಾಲೆಯನ್ನು ತೆರೆದರು. ಮುಂಬಯಿ ಪ್ರಾಂತದ ಹಳ್ಳಿಯ ಮಗುವಿಗೂ, ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನ ಮಗುವಿಗೂ ಅವೆಲ್ಲ ಕೇಳರಿಯದ ದೂರದ ಮಾತುಗಳು.

ಗುರುವಿನ ಕೃಪೆ

ಈ ಕತ್ತಲೆಯಲ್ಲಿ ಆ ಸೋದರರ ಪಾಲಿಗೆ ದೊರೆತ ಬೆಳಕೆಂದರೆ ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳು. 1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಈ ಮಹಾಪುರುಷರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು, 1909ರಲ್ಲಿ ಮಲಪ್ರಭೆಯ ದಡದಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದುದು ಎಲ್ಲರೂ ಬಲ್ಲ ಸಂಗತಿ. ಸಮಾಜದ ಏಳಿಗೆಗಾಗಿ ಜೋಳಿಗೆ ಹಿಡಿದು ಊರೂರು ಸುತ್ತಿದವರು ಅವರು. ತಮ್ಮ ಸೀಮೆಯ ಹಳ್ಳಿಯೊಂದರ ಇಬ್ಬರು ಅಂಧ ಬಾಲಕರ ಕಂಠಮಾಧುರ್ಯವು ಅವರ ಗಮನಕ್ಕೆ ಬಂದಿತು. ಆ ದನಿಯನ್ನು ಕೇಳಿ ನಾಲ್ಕು ಕಾಸು ನೀಡಿ ಹರಸಿ ಹೋಗಬಹುದಾಗಿತ್ತು. ಆ ಕಾಲದಲ್ಲಿ ಅದೇ ಧರ್ಮವೆನಿಸಿಕೊಳ್ಳುತ್ತಿತ್ತು. ಪೂಜ್ಯರು ಹಾಗೆ ಮಾಡಲಿಲ್ಲ. ತಾಯಿತಂದೆಯರ ಸಮ್ಮತಿಯಿಂದ ಬಾಲಕರಿಬ್ಬರನ್ನೂ ತಮ್ಮ ಮಡಿಲಿಗೆ ತೆಗೆದುಕೊಂಡು ಅವರ ಅನ್ನ, ಅರಿವೆ, ವಿದ್ಯೆಗಳ ಹೊಣೆಯನ್ನು ಹೊತ್ತರು.

ಇಲ್ಲಿಯೇ ಒಂದು ಹೊಸ ವಿಚಾರದ ಬೀಜವಿದೆ. ಕುಮಾರ ಮಹಾಸ್ವಾಮಿಗಳು ಆ ಮಕ್ಕಳಲ್ಲಿ ಕೊರತೆಯನ್ನು ಕಾಣಲಿಲ್ಲ. ಕಲಿಯಬಲ್ಲ ಶಕ್ತಿಯನ್ನು ಕಂಡರು. ಶಕ್ತಿಯಿದ್ದಲ್ಲಿ ಅದಕ್ಕೆ ತಕ್ಕ ಗುರುವನ್ನು ಒದಗಿಸುವುದು ಸಮಾಜದ ಹೊಣೆಯೆಂದು ಬಗೆದರು. ಅದು ಸಾಧಾರಣ ಹೊಣೆಯಾಗಿರಲಿಲ್ಲ. ಕರ್ನಾಟಕ ಸಂಗೀತವನ್ನು ಕಲಿಯಲು ಗದಿಗೆಯ್ಯನನ್ನು ಮೈಸೂರಿನವರೆಗೆ ಕಳುಹಿಸಿದರು. ಬೇರೆ ಸಂಸ್ಥಾನ, ಬೇರೆ ಆಡುಮಾತು. ಕಣ್ಣಿಲ್ಲದ ಹಳ್ಳಿಯ ಹುಡುಗ. ವರ್ಷಗಳ ಅಭ್ಯಾಸದ ವೆಚ್ಚವನ್ನೆಲ್ಲ ಭಕ್ತರ ಕಾಣಿಕೆಯಿಂದಲೇ ನಡೆಸಬೇಕಾಗಿತ್ತು. ಅಲ್ಲಿಂದ ಮರಳಿದ ಮೇಲೆ ಹಿಂದುಸ್ತಾನಿ ಸಂಗೀತವೂ ಬರಬೇಕೆಂದು, ಹೆಸರಾಂತ ಗಾಯಕರಾದ ನೀಲಕಂಠಬುವಾ ಮಿರಜಕರ ಅವರನ್ನು ಶಿವಯೋಗಮಂದಿರಕ್ಕೇ ಕರೆಯಿಸಿ ಪಾಠ ಹೇಳಿಸಿದರು. ಒಬ್ಬ ಅಂಧ ಶಿಷ್ಯನಿಗಾಗಿ ವಿದ್ವಾಂಸರನ್ನೇ ಆಶ್ರಮಕ್ಕೆ ಬರಮಾಡಿಕೊಂಡ ಈ ಸಂಗತಿಯನ್ನು ಶಿಕ್ಷಕರಾದವರು ವಿಶೇಷವಾಗಿ ಗಮನಿಸತಕ್ಕದ್ದು. ಮಗುವು ವಿದ್ಯೆಯ ಬಳಿಗೆ ಹೋಗಲಾರದಿದ್ದರೆ ವಿದ್ಯೆಯೇ ಮಗುವಿನ ಬಳಿಗೆ ಬರಬೇಕೆಂಬ ತತ್ವವು ಅಂದೇ ಶಿವಯೋಗಮಂದಿರದಲ್ಲಿ ಆಚರಣೆಗೆ ಬಂದಿತ್ತು.

ಗದಿಗೆಯ್ಯನು ಪಂಚಾಕ್ಷರನಾದನು. ಶಿವಪಂಚಾಕ್ಷರಿ ಮಂತ್ರದ ಐದು ಅಕ್ಷರಗಳೇ ಅವನ ಹೆಸರಾದವು. ಇಷ್ಟಲಿಂಗಪೂಜೆ, ಮಿತಾಹಾರ, ಬ್ರಹ್ಮಚರ್ಯ, ಸ್ವರಸಾಧನೆ ಇವು ಅವನ ದಿನಚರಿಯಾದವು. ಗಾಯನವಲ್ಲದೆ ತಬಲಾ, ಹಾರ್ಮೋನಿಯಂ, ಪಿಟೀಲು ಮೊದಲಾದ ವಾದ್ಯಗಳೂ ವಶವಾದವು. ದಕ್ಷಿಣೋತ್ತರ ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವ ಪಡೆದವರು ಅಂದಿಗೂ ಇಂದಿಗೂ ವಿರಳ. ಆ ವಿರಳರ ಸಾಲಿನಲ್ಲಿ ಪಂಚಾಕ್ಷರ ಗವಾಯಿಗಳ ಹೆಸರು ನಿಂತಿತು. ಉಭಯ ಗಾನವಿಶಾರದರೆಂದು ನಾಡು ಅವರನ್ನು ಗೌರವಿಸಿತು.

ನಡೆದಾಡುವ ಪಾಠಶಾಲೆ

ಅಂತಹ ವಿದ್ಯೆ ಕೈವಶವಾದ ಮೇಲೆ ಅವರು ಅರಮನೆಗಳ ಆಶ್ರಯವನ್ನು ಅರಸಬಹುದಾಗಿತ್ತು. ದೊಡ್ಡ ಪಟ್ಟಣಗಳ ಸಂಗೀತಸಭೆಗಳಲ್ಲಿ ಹಾಡಿ ಧನಿಕರಾಗಬಹುದಾಗಿತ್ತು. ಆದರೆ ಗುರುಗಳ ಅಪ್ಪಣೆ ಬೇರೆಯಾಗಿತ್ತು. ತಾನು ಪಡೆದುದನ್ನು ತನ್ನಂತಹ ಮಕ್ಕಳಿಗೆ ನೀಡಬೇಕೆಂಬುದೇ ಆ ಅಪ್ಪಣೆ. ಅದರಂತೆ 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಸಂಗೀತ ಪಾಠಶಾಲೆ ಆರಂಭವಾಯಿತು. ಅಂಧರು, ಅನಾಥರು, ಅಂಗವಿಕಲರು, ಕಣ್ಣಿದ್ದೂ ಬಡತನದಿಂದ ವಿದ್ಯೆ ಕಾಣದವರು, ಎಲ್ಲ ಜಾತಿಯ ಮಕ್ಕಳೂ ಅಲ್ಲಿ ಸೇರಿದರು. ಒಂದೇ ಪಂಕ್ತಿಯ ಪ್ರಸಾದ, ಒಂದೇ ಶ್ರುತಿಯ ಪಾಠ.

ಆ ಪಾಠಶಾಲೆಯು ಒಂದೆಡೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಇಷ್ಟು ಮಕ್ಕಳ ಹೊಟ್ಟೆ ತುಂಬಿಸುವ ಶಕ್ತಿ ಒಂದು ಊರಿಗೆ ಇರಲಿಲ್ಲ. ಆದುದರಿಂದ ಗುರುಶಿಷ್ಯರೆಲ್ಲರೂ ಊರಿಂದೂರಿಗೆ ಸಂಚರಿಸಿದರು. ಒಂದೊಂದು ಊರಿನಲ್ಲಿ ಕೆಲವು ಕಾಲ ಮಠದಲ್ಲೋ ಗುಡಿಯಲ್ಲೋ ಬಿಡಾರ. ಹಗಲು ಪಾಠ, ರಾತ್ರಿ ಶಿವಕೀರ್ತನೆ, ಪುರಾಣ, ಗಾಯನ. ಊರವರು ಜೋಳ, ಬೇಳೆ, ಬೆಲ್ಲ, ಹಣ ನೀಡುವರು. ಮುಂದೆ ಮತ್ತೊಂದು ಊರು. ಚಕ್ಕಡಿಯಲ್ಲಿ ತಂಬೂರಿ ತಬಲಾಗಳ ಜೊತೆಗೆ ಪಾತ್ರೆ ಪರಡಿಗಳೂ ಸಾಗುತ್ತಿದ್ದವು. ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟುಕೊಂಡು ಸಾಲಾಗಿ ನಡೆಯುವ ಮಕ್ಕಳು; ಅವರ ಮುಂದೆ ತಾವೂ ಕಾಣದ ಗುರುಗಳು. ಲೌಕಿಕರಿಗೆ ಅದು ಕರುಣೆ ಹುಟ್ಟಿಸುವ ನೋಟ. ಆದರೆ ಊರಿಗೆ ಬಂದ ಮೇಲೆ ಅವರ ಗಾಯನವನ್ನು ಕೇಳಿದವರ ಮನಸ್ಸಿನಲ್ಲಿ ಕರುಣೆಯ ಜಾಗವನ್ನು ಗೌರವವು ಆಕ್ರಮಿಸುತ್ತಿತ್ತು.

ಕಾಣದ ಗುರುಗಳು ಕಾಣದ ಮಕ್ಕಳಿಗೆ ಕಲಿಸಿದ ಬಗೆಯೂ ಚಿಂತಿಸತಕ್ಕದ್ದು. ಕಪ್ಪುಹಲಗೆಯಿಲ್ಲ, ಪುಸ್ತಕವಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಏಕರೂಪದ ಬ್ರೈಲ್ ಲಿಪಿ ರೂಪುಗೊಂಡುದು 1951ರಲ್ಲಿ. ಅದಕ್ಕೆ ಮೊದಲು ಹಳ್ಳಿಗಾಡಿನ ಕನ್ನಡ ಮಗುವಿಗೆ ಬೆರಳಿನಿಂದ ಓದುವ ಭಾಗ್ಯವಿರಲಿಲ್ಲ. ಕಿವಿಯೇ ಪುಸ್ತಕ, ನೆನಪೇ ಲೇಖನಿ. ಗುರು ಹಾಡಿದುದನ್ನು ಶಿಷ್ಯನು ಮರಳಿ ಹಾಡಬೇಕು; ತಪ್ಪಿದಲ್ಲಿ ಮತ್ತೆ ಹಾಡಬೇಕು; ಸ್ವರವು ತನ್ನ ನೆಲೆಗೆ ಬರುವವರೆಗೆ ಬಿಡುವಿಲ್ಲ. ಕಂಠವಿಲ್ಲದ ಮಗುವಿಗೆ ವಾದ್ಯ, ವಾದ್ಯ ಒಲಿಯದವನಿಗೆ ಪುರಾಣ ಪ್ರವಚನ ಎಂಬಂತೆ, ಯಾವ ಮಗುವೂ ಬರಿಗೈಯಲ್ಲಿ ಹಿಂದಿರುಗಬಾರದೆಂಬ ಹಟವಿತ್ತು.

ದಾಸೋಹದ ಅರ್ಥ

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಗುರುಗಳೂ ಕಾಣಿಕೆಯನ್ನು ಸ್ವೀಕರಿಸಿದರು. ಗುಡಿಯ ಬಾಗಿಲಲ್ಲಿ ಕುಳಿತ ಅಂಧನೂ ಸ್ವೀಕರಿಸುತ್ತಿದ್ದನು. ಎರಡಕ್ಕೂ ಅಂತರವೇನು? ಗವಾಯಿಗಳ ಇಡೀ ಬಾಳು ಈ ಪ್ರಶ್ನೆಗೆ ಉತ್ತರವಾಗಿದೆ. ಮಗುವಿನ ಕೈಗೆ ಬಿದ್ದ ಭಿಕ್ಷೆಯು ಆ ದಿನದ ಹಸಿವನ್ನು ಕಳೆದು ಮಗುವನ್ನು ಇದ್ದಲ್ಲಿಯೇ ಇರಿಸುತ್ತದೆ. ಗುರುವಿನ ಜೋಳಿಗೆಗೆ ಬಿದ್ದ ಕಾಳು ಆ ಮಗುವು ಇನ್ನೆಂದಿಗೂ ಕೈಚಾಚದಂತೆ ಮಾಡುತ್ತದೆ. ಮಕ್ಕಳ ಪರವಾಗಿ ಬೇಡುವ ನಾಚಿಕೆಯನ್ನು ಗುರುವು ತಾನೇ ಹೊತ್ತು, ಮಕ್ಕಳಿಗೆ ತಲೆಯೆತ್ತಿ ಬಾಳುವ ಮಾನವನ್ನು ಉಳಿಸಿಕೊಟ್ಟನು. ಶರಣರು ಹೇಳಿದ ಕಾಯಕ ದಾಸೋಹಗಳು ಒಂದಕ್ಕೊಂದು ಕೂಡುವುದು ಇಲ್ಲಿಯೇ. ದಾಸೋಹದ ಗುರಿಯು ಪಡೆದವನನ್ನು ಕಾಯಕಕ್ಕೆ ಸಿದ್ಧಗೊಳಿಸುವುದು. ಕಾಯಕದ ಗುರಿಯು ಅವನನ್ನು ಮತ್ತೊಬ್ಬರಿಗೆ ದಾಸೋಹ ಮಾಡಬಲ್ಲವನನ್ನಾಗಿ ಮಾಡುವುದು.

ಇದೇ ಕಾಲದಲ್ಲಿ ಸಮುದ್ರದಾಚೆಯೂ ಮಗುವಿನ ವಿಷಯದಲ್ಲಿ ಹೊಸ ಚಿಂತನೆಯೊಂದು ಹುಟ್ಟುತ್ತಿದ್ದುದನ್ನು ಸ್ಮರಿಸಬೇಕು. ಮೊದಲ ಮಹಾಯುದ್ಧವು ಮುಗಿದಾಗ ಯೂರೋಪಿನಲ್ಲಿ ಲಕ್ಷಾಂತರ ಮಕ್ಕಳು ಹಸಿವಿನಿಂದ ನರಳಿದರು. ಶತ್ರು ದೇಶದ ಮಕ್ಕಳಾದರೂ ಮಕ್ಕಳೇ ಎಂದು ಸಾರಿದ ಎಗ್ಲಂಟೈನ್ ಜೆಬ್ ಎಂಬ ಇಂಗ್ಲೆಂಡಿನ ಮಹಿಳೆ 1919ರಲ್ಲಿ ಮಕ್ಕಳ ರಕ್ಷಣೆಯ ನಿಧಿಯೊಂದನ್ನು ಸ್ಥಾಪಿಸಿದಳು. ಸೇವ್ ದ ಚಿಲ್ಡ್ರನ್ ಎಂದು ಅದು ಜಗತ್ತಿಗೆಲ್ಲ ಪರಿಚಿತ. ಮುಂದೆ ಅವಳು ಸಿದ್ಧಪಡಿಸಿದ ಐದು ಅಂಶಗಳ ಮಕ್ಕಳ ಹಕ್ಕುಗಳ ಘೋಷಣೆಯನ್ನು ರಾಷ್ಟ್ರಸಂಘವು 1924ರಲ್ಲಿ ಜಿನೀವಾದಲ್ಲಿ ಅಂಗೀಕರಿಸಿತು. ಹಸಿದ ಮಗುವಿಗೆ ಉಣಿಸಬೇಕು, ಅನಾಥ ಮಗುವಿಗೆ ಆಶ್ರಯ ಕೊಡಬೇಕು, ಆಪತ್ತಿನಲ್ಲಿ ಮೊದಲ ನೆರವು ಮಗುವಿಗೆ ಸಲ್ಲಬೇಕು ಎಂಬುವಲ್ಲದೆ, ಮಗುವು ತನ್ನ ಜೀವನೋಪಾಯವನ್ನು ತಾನೇ ಗಳಿಸುವಂತಾಗಬೇಕು, ತನ್ನ ಪ್ರತಿಭೆಯು ಸಹಮಾನವರ ಸೇವೆಗೆ ಸಲ್ಲತಕ್ಕದ್ದೆಂಬ ಅರಿವಿನಲ್ಲಿ ಬೆಳೆಯಬೇಕು ಎಂಬ ಆಶಯಗಳೂ ಅದರಲ್ಲಿದ್ದವು. ಆ ಘೋಷಣೆಗೆ ಹತ್ತು ವರ್ಷ ಮೊದಲೇ ನಿಡಗುಂದಿಕೊಪ್ಪದ ಬಿಡಾರದಲ್ಲಿ ಈ ಆಶಯಗಳು ಅನ್ನವಾಗಿ, ಸ್ವರವಾಗಿ ನಡೆಯುತ್ತಿದ್ದವು. ಹಕ್ಕು ಎಂಬ ಪದವನ್ನು ಗವಾಯಿಗಳ ಆಶ್ರಮವು ಬಳಸಿರಲಿಲ್ಲ. ಗುರುವಿನ ಋಣ ಎಂಬ ಪದ ಅದರದು. ಆದರೆ ಮಗುವಿನ ಕಡೆಯಿಂದ ನೋಡಿದಾಗ ಹಕ್ಕಾಗಿ ಕಾಣುವುದೇ ಹಿರಿಯರ ಕಡೆಯಿಂದ ನೋಡಿದಾಗ ಋಣವಾಗಿ ಕಾಣುತ್ತದೆ.

ಗದಗಿನ ನೆಲೆ

ಅಲೆದಾಟದ ಬಾಳು ಸುಖದ್ದಾಗಿರಲಿಲ್ಲ. 1918ರಲ್ಲಿ ಹರಡಿದ ಇನ್‌ಫ್ಲುಯೆಂಜಾ, ಆಗಾಗ ಮರುಕಳಿಸಿದ ಪ್ಲೇಗು, ಮಳೆ ಕೈಕೊಟ್ಟ ವರ್ಷಗಳು ಹಳ್ಳಿಗಳನ್ನೇ ಬರಿದು ಮಾಡುತ್ತಿದ್ದಾಗ, ಹಳ್ಳಿಗಳ ಔದಾರ್ಯವನ್ನೇ ನಂಬಿದ ಈ ಪರಿವಾರದ ಪಾಡು ಹೇಳತೀರದು. ತನಗೇ ಇಲ್ಲದ ರೈತನು ಮಠಕ್ಕೆ ಏನನ್ನು ನೀಡಿಯಾನು? 1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ ಗವಾಯಿಗಳು ತಮ್ಮ ಕಣ್ಣನ್ನೇ ಎರಡನೆಯ ಬಾರಿ ಕಳೆದುಕೊಂಡಂತಾಯಿತು. ಅವರಿಗೆ ಆಗ 38 ವರ್ಷ. ಹಿಂದೆ ನಿಂತು ನೋಡಿಕೊಳ್ಳುವ ಹಿರಿಯರಿಲ್ಲ. ಮುಂದೆ ಹಸಿದ ಮಕ್ಕಳ ಸಾಲು.

ಆ ಸಂಕಟದ ದಿನಗಳಲ್ಲಿ ಅವರು ಹೂಡಿದ ಉಪಾಯ ನಾಟಕ ಮಂಡಳಿ. ವೃತ್ತಿರಂಗಭೂಮಿಯ ಆ ವೈಭವದ ಕಾಲದಲ್ಲಿ ಹಾಡುಗಾರಿಕೆಯೇ ನಾಟಕದ ಜೀವ. ಗವಾಯಿಗಳು ಗುರು ಕುಮಾರೇಶ್ವರರ ಹೆಸರಿನಲ್ಲಿ ಮಂಡಳಿಯನ್ನು ಕಟ್ಟಿ, ಶಿಷ್ಯರ ಗಾಯನ ವಾದನಗಳಿಂದ ಶರಣಚರಿತ್ರೆಗಳನ್ನು ರಂಗಕ್ಕೆ ತಂದರು. ವಿರಕ್ತ ಬ್ರಹ್ಮಚಾರಿಯೊಬ್ಬರು ನಾಟಕದ ಗೊಡವೆಗೆ ಹೋಗುವುದನ್ನು ಎಲ್ಲರೂ ಮೆಚ್ಚುವ ಕಾಲವಲ್ಲ ಅದು. ಆದರೆ ಟಿಕೀಟಿನ ಹಣವು ಮಕ್ಕಳ ತುತ್ತಾಗುತ್ತಿತ್ತು. ಮಕ್ಕಳಿಗೆ ಬೇಡದೆ ದುಡಿಯುವ ಅಭ್ಯಾಸವೂ ಆಗುತ್ತಿತ್ತು. ಲಾಭದ ರಾತ್ರಿಗಳಿಗಿಂತ ನಷ್ಟದ ರಾತ್ರಿಗಳು ಹೆಚ್ಚಾದಾಗಲೂ ಆಶ್ರಮದ ಬಾಗಿಲನ್ನು ಮುಚ್ಚುವ ಯೋಚನೆ ಸುಳಿಯಲಿಲ್ಲ.

ಗದಗಿನಲ್ಲಿ ಈ ಪರಿವಾರಕ್ಕೆ ಸ್ಥಿರವಾದ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ಆಸರೆಯಾಗಿ ನಿಂತರು. ಆಶ್ರಮಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಾಯಿತು. ದಾನಿಯ ಹೆಸರು ದೇವರ ಹೆಸರಿನಲ್ಲಿ ಕರಗಿ ಹೋದ ಇಂತಹ ನಿದರ್ಶನವು ದಾನಧರ್ಮದ ಇತಿಹಾಸದಲ್ಲಿಯೂ ಅಪರೂಪ. ಇಂದು ಪುಣ್ಯಾಶ್ರಮವೆಂದರೆ ನಾಡಿಗೆಲ್ಲ ಗೊತ್ತು. ಅನೇಕರು ವೀರಪ್ಪನವರನ್ನು ಅರಿಯರು. ಆದರೆ ಅವರು ನೀಡಿದ ನೆರಳಿನಲ್ಲಿ ತಲೆತಲಾಂತರದ ಮಕ್ಕಳು ಬೆಳೆದಿದ್ದಾರೆ. ದಾನಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕತೆ ಏನಿದೆ?

ಶಿಷ್ಯರಲ್ಲಿ ಕಂಡ ಗುರು

ಗುರುವಿನ ಹಿರಿಮೆ ಶಿಷ್ಯರಲ್ಲಿ ಕಾಣುತ್ತದೆ. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿದ ಬಸವರಾಜ ರಾಜಗುರು ಬಾಲಕನಾಗಿರುವಾಗಲೇ ಗವಾಯಿಗಳ ಬಳಿ ಸೇರಿದವರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ಆ ತರುಣ ಗಾಯಕನು ಮೊದಲ ಬಾರಿಗೆ ಮಹಾಸಭೆಯ ಮುಂದೆ ಹಾಡಿದನು. ಅಂದು ತಬಲಾ ನುಡಿಸಿದವರು ಸ್ವತಃ ಗುರುಗಳು. ಗಾಯಕನ ಸ್ಥಾನದಲ್ಲಿ ಶಿಷ್ಯನನ್ನು ಕೂರಿಸಿ, ಪಕ್ಕವಾದ್ಯದ ಸ್ಥಾನದಲ್ಲಿ ತಾವು ಕುಳಿತ ಆ ಗುರುವನ್ನು ನೆನೆದರೆ ಯಾವ ಶಿಕ್ಷಕನ ಹೃದಯ ತಾನೆ ತುಂಬಿ ಬರದು? ಶಿಷ್ಯನು ತನಗಿಂತ ಮುಂದೆ ಹೋಗುವಾಗ ಅವನ ತಾಳ ತಪ್ಪದಂತೆ ಹಿಂದೆ ನಿಲ್ಲುವುದೇ ಅಧ್ಯಾಪಕನ ಧರ್ಮವೆಂಬುದನ್ನು ಅವರು ಮಾತಿಲ್ಲದೆ ತೋರಿಸಿದರು. ರಾಜಗುರು ಮುಂದೆ ಭಾರತದ ಹಿರಿಯ ಗಾಯಕರಲ್ಲಿ ಒಬ್ಬರಾಗಿ, 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು.

ಅರ್ಜುನಸಾ ನಾಕೋಡ, ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ ಮೊದಲಾದವರೂ ಈ ಗುರುಕುಲದಿಂದಲೇ ಬಂದವರು. ಕಣ್ಣಿದ್ದವರೂ ಇಲ್ಲದವರೂ ಒಂದೇ ಚಾಪೆಯ ಮೇಲೆ ಕುಳಿತು ಕಲಿತರೆಂಬುದು ಗಮನಾರ್ಹ. ಅಂಧರನ್ನು ಬೇರೆಯಾಗಿ ಇರಿಸಿ ಮರುಕಪಡುವ ಪದ್ಧತಿ ಅಲ್ಲಿರಲಿಲ್ಲ. ಕಣ್ಣಿದ್ದ ಶಿಷ್ಯನು ಅಂಧ ಗೆಳೆಯನ ದಾರಿಗೆ ಕೈಯಾದನು. ಅಂಧ ಗೆಳೆಯನು ಅವನ ಸ್ವರಕ್ಕೆ ಕಿವಿಯಾದನು.

ನಿಜಾಮರ ಸೀಮೆಯಿಂದ ಗದಗಿಗೆ ಬರುವುದು ಆಗ ಸುಲಭದ ಮಾತಾಗಿರಲಿಲ್ಲ. ರಾಯಚೂರಿನಿಂದ ರೈಲಿನಲ್ಲಿ ಬರುವವನು ಗುಂತಕಲ್ಲಿನಲ್ಲಿ ಇಳಿದು ಸಣ್ಣ ಗೇಜಿನ ಗಾಡಿ ಹಿಡಿದು ಬಳ್ಳಾರಿ, ಹೊಸಪೇಟೆ, ಕೊಪ್ಪಳಗಳ ಮೇಲೆ ಸುತ್ತಿ ಬರಬೇಕು. ದೇವದುರ್ಗ ಮಾನವಿಗಳ ಹಳ್ಳಿಯವನಿಗೆ ಆ ರೈಲಿನ ನಿಲ್ದಾಣವೇ ಚಕ್ಕಡಿಯ ದೂರ. ಇತ್ತ ಸಂಸ್ಥಾನದ ಶಾಲೆಗಳಲ್ಲಿ ಉರ್ದುವಿನ ಪ್ರಾಬಲ್ಯದಿಂದ ಕನ್ನಡದ ಮಗುವಿಗೆ ತಾಯ್ನುಡಿಯ ಓದೇ ದುರ್ಲಭವಾಗಿತ್ತು. ಅಂತಹ ದಿನಗಳಲ್ಲಿಯೂ ಈ ಭಾಗದ ಸಂಗೀತಾಸಕ್ತರಿಗೆ ಗವಾಯಿಗಳ ಪರಂಪರೆ ದಾರಿದೀಪವಾಯಿತು. ಸಿದ್ಧರಾಮ ಜಂಬಲದಿನ್ನಿಯವರು ಹಿಂದುಸ್ತಾನಿ ರಾಗಗಳಲ್ಲಿ ಶರಣರ ವಚನಗಳನ್ನು ಹಾಡಿ ಜನಮನವನ್ನು ತಣಿಸಿದುದು ಆ ಪರಂಪರೆಯ ಫಲವೇ. ವಚನಗಳನ್ನು ಶಾಸ್ತ್ರೀಯ ರಾಗಗಳಿಗೆ ಅಳವಡಿಸಿ ಮಕ್ಕಳ ಕಂಠದಲ್ಲಿ ನೆಲೆಗೊಳಿಸಿದವರಲ್ಲಿ ಗವಾಯಿಗಳು ಅಗ್ರಗಣ್ಯರು.

ಎಲ್ಲ ಶಿಷ್ಯರ ನಡುವೆ ಗುರುಗಳ ಕಾರ್ಯಕ್ಕೇ ತಮ್ಮನ್ನು ಒಪ್ಪಿಸಿಕೊಂಡವರು ಪುಟ್ಟರಾಜ ಗವಾಯಿಗಳು. 1914ರ ಮಾರ್ಚ್ 3ರಂದು ಹಾವೇರಿ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿರುವಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯನು ಸೋದರಮಾವನ ಆಸರೆಯಲ್ಲಿ ಬೆಳೆದು ಗವಾಯಿಗಳ ಮಡಿಲಿಗೆ ಬಂದನು. ಪಾಠಶಾಲೆ ಹುಟ್ಟಿದ ವರ್ಷವೇ ಅದರ ಮುಂದಿನ ಆಧಾರವಾಗುವ ಮಗುವೂ ಹುಟ್ಟಿತೆಂಬುದನ್ನು ಭಕ್ತರು ದೈವಸಂಕಲ್ಪವೆಂದೇ ನಂಬುತ್ತಾರೆ.

ಲಿಂಗೈಕ್ಯ ಮತ್ತು ಪರಂಪರೆ

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ಗದಗಿನಲ್ಲಿ ಲಿಂಗೈಕ್ಯರಾದರು. ಅವರಿಗೆ ಆಗ 52 ವರ್ಷ. ಮಹಾಯುದ್ಧದ ದಿನಗಳು, ಕಾಳುಕಡಿಗಳ ಅಭಾವ, ಆಶ್ರಮದ ತುಂಬ ಮಕ್ಕಳು. ಮೂವತ್ತು ವರ್ಷದ ಪುಟ್ಟರಾಜರು ಆ ಭಾರಕ್ಕೆ ಹೆಗಲು ಕೊಟ್ಟರು. 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ 66 ವರ್ಷಗಳ ಕಾಲ ಅವರು ಅದನ್ನು ಕೆಳಗಿಳಿಸಲಿಲ್ಲ. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಬ್ರೈಲ್ ಲಿಪಿಯನ್ನು ಕಲಿತು ಅಂಧರಿಗಾಗಿ ಬಳಸಿದರು. 2010ರಲ್ಲಿ ಪದ್ಮಭೂಷಣ ಪುರಸ್ಕಾರವು ಅವರನ್ನು ಅರಸಿ ಬಂದಿತು. 1995ರಲ್ಲಿ ಹಿರಿಯ ಗವಾಯಿಗಳ ಜೀವನವನ್ನು ಆಧರಿಸಿ ಗಾನಯೋಗಿ ಪಂಚಾಕ್ಷರ ಗವಾಯಿ ಎಂಬ ಚಲನಚಿತ್ರವು ತೆರೆಗೆ ಬಂದು, ಸಂಗೀತ ನಿರ್ದೇಶನಕ್ಕೂ ಹಿನ್ನೆಲೆ ಗಾಯನಕ್ಕೂ ರಾಷ್ಟ್ರಪ್ರಶಸ್ತಿಗಳನ್ನು ಪಡೆಯಿತು. ಗುಡಿಯ ಮೆಟ್ಟಿಲಿನ ಮೇಲೆ ಕೈಚಾಚಿ ಕೂರಬಹುದಾಗಿದ್ದ ಒಂದು ಮಗುವಿನ ಕಥೆಯು ನಾಡಿನ ಮನೆಮನೆಯನ್ನು ತಲುಪಿತು.

ಗವಾಯಿಗಳ ಕಾರ್ಯಕ್ಕೆ ಆ ಕಾಲವು ಹಾಕಿದ ಎಲ್ಲೆಯೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಕಣ್ಣಿಲ್ಲದ ಪ್ರತಿಯೊಂದು ಮಗುವೂ ಗಾಯಕನಾಗಲಾರದು; ಆಗಬೇಕಾಗಿಯೂ ಇಲ್ಲ. ಗಣಿತದಲ್ಲೋ ನ್ಯಾಯಶಾಸ್ತ್ರದಲ್ಲೋ ಆಸಕ್ತಿಯುಳ್ಳ ಅಂಧ ಬಾಲಕನಿಗೆ, ಅದಕ್ಕಿಂತ ಮಿಗಿಲಾಗಿ ಅಂಧ ಬಾಲಕಿಗೆ, ಅಂದಿನ ಸಮಾಜದಲ್ಲಿ ದಾರಿಯಿರಲಿಲ್ಲ. ಒಂದು ಮಗುವಿನ ಭಾಗ್ಯವು ಒಬ್ಬ ಮಹಾತ್ಮನ ಕಣ್ಣಿಗೆ ಬೀಳುವುದರ ಮೇಲೆ ನಿಂತಿತ್ತು. ಕಣ್ಣಿಗೆ ಬೀಳದೆ ಉಳಿದ ಮಕ್ಕಳು ಎಷ್ಟೋ! ಕೃಪೆಯಿಂದ ದೊರೆತುದು ಹಕ್ಕಿನಿಂದ ದೊರೆಯುವಂತಾಗಬೇಕಾದರೆ ಇನ್ನೂ ಬಹುಕಾಲ ಕಾಯಬೇಕಾಯಿತು. 1959ರಲ್ಲಿ ವಿಶ್ವಸಂಸ್ಥೆಯು ಮಕ್ಕಳ ಹಕ್ಕುಗಳ ಘೋಷಣೆಯನ್ನು, 1989ರಲ್ಲಿ ಒಡಂಬಡಿಕೆಯನ್ನು ಅಂಗೀಕರಿಸಿತು. 1992ರಲ್ಲಿ ಭಾರತವು ಅದಕ್ಕೆ ಸೇರಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವನ್ನು ಹಕ್ಕನ್ನಾಗಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಎಲ್ಲ ಮಕ್ಕಳೊಡನೆ ಕೂಡಿ ಕಲಿಯುವ ಅವಕಾಶವನ್ನು ಖಾತರಿಪಡಿಸಿತು. ಒಂದೇ ಚಾಪೆಯ ಮೇಲಿನ ಆ ಹಳೆಯ ಪಾಠವು ಈಗ ದೇಶದ ಕಾನೂನು.

ಈ ನಾಡಿನ ಮಕ್ಕಳು

ಕಾನೂನು ಬಂದ ಮಾತ್ರಕ್ಕೆ ಮಗು ಶಾಲೆಗೆ ಬಂದಂತಾಗಲಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಅಕ್ಷರಸ್ಥರ ಪ್ರಮಾಣ ಶೇಕಡ 60ನ್ನೂ ಮುಟ್ಟಲಿಲ್ಲ. ರಾಜ್ಯದಲ್ಲಿ ಅದಕ್ಕಿಂತ ಹಿಂದೆ ಉಳಿದುದು ಯಾದಗಿರಿ ಜಿಲ್ಲೆ ಮಾತ್ರ. ದೇವದುರ್ಗ ಮಾನವಿಗಳ ಹೊಲಗಳಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳು ಬಂದರೆ ಕೆಲವು ಮಕ್ಕಳ ಹಾಜರಿ ತಪ್ಪುತ್ತದೆ. ಮಳೆ ಬಾರದ ವರ್ಷ ತಾಯಿತಂದೆಯರು ಗುಳೆ ಹೊರಟರೆ ಮಗುವಿನ ಪುಸ್ತಕವೂ ಗಂಟಿನೊಳಗೆ ಸೇರಿ ದೂರದ ಪಟ್ಟಣದ ಗುಡಿಸಲಿಗೆ ಹೋಗುತ್ತದೆ. ಕಣ್ಣೋ ಕಾಲೋ ಕಿವಿಯೋ ಸರಿಯಿಲ್ಲದ ಮಗುವಾದರೆ ಮನೆಯ ಮೂಲೆಯಲ್ಲಿಯೇ ಅಜ್ಜಿಯ ಬಳಿ ಉಳಿಯುತ್ತದೆ. ನೂರು ವರ್ಷಗಳ ಹಿಂದೆ ಕಾಡಶೆಟ್ಟಿಹಳ್ಳಿಯ ಆ ಮನೆಯಲ್ಲಿದ್ದ ಪ್ರಶ್ನೆ ಈ ಮನೆಗಳಲ್ಲಿ ಇನ್ನೂ ಉಳಿದಿದೆ.

ಮಠದ ವಿದ್ಯಾಸಂಸ್ಥೆಗಳು ಹುಟ್ಟಿದುದು ಇಂತಹ ಮನೆಗಳ ಬಾಗಿಲಿಗೆ ಹೋಗುವುದಕ್ಕಾಗಿಯೇ. ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಇಂದು ಅಧ್ಯಾಪಕರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ, ವ್ಯಾಪಾರಿಗಳಾಗಿ ನಾಡಿನಲ್ಲಿ ನೆಲೆ ಕಂಡಿದ್ದಾರೆ. ಅವರು ಉಂಡ ತುತ್ತಿನಲ್ಲಿ ಹೆಸರರಿಯದ ಯಾವನೋ ರೈತನ ಸೇರು ಜೋಳವಿತ್ತು. ಆ ಋಣವನ್ನು ಆ ರೈತನಿಗೆ ಮರಳಿಸುವುದು ಸಾಧ್ಯವಿಲ್ಲ. ಮುಂದಿನ ಮಗುವಿಗೆ ಮಾತ್ರ ಮರಳಿಸಬಹುದು. ಕುಮಾರ ಮಹಾಸ್ವಾಮಿಗಳಿಗೆ ಪಂಚಾಕ್ಷರ ಗವಾಯಿಗಳು ತಮ್ಮ ಋಣವನ್ನು ತೀರಿಸಿದುದು ಪುಟ್ಟರಾಜರಿಗೆ ನೀಡಿ. ಪುಟ್ಟರಾಜರು ತೀರಿಸಿದುದು ಮುಂದಿನವರಿಗೆ ನೀಡಿ.

ಕಣ್ಣುಳ್ಳವರು ಕಾಣದೆ ದಾಟಿ ಹೋದ ಮಕ್ಕಳನ್ನು ಕಣ್ಣಿಲ್ಲದ ಒಬ್ಬರು ಕಂಡರು. ಅವರನ್ನು ಸ್ಮರಿಸುವವರು ತಮ್ಮ ಊರಿನಲ್ಲಿ, ತಮ್ಮ ಓಣಿಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಉಳಿದ ಒಂದು ಮಗುವನ್ನು ಕಂಡು ಕೈಹಿಡಿದು ಕರೆತಂದರೆ, ಗಾನಯೋಗಿಗಳ ಗದ್ದುಗೆಗೆ ಸಲ್ಲುವ ನಿಜವಾದ ಪೂಜೆ ಅದೇ ಆದೀತು.